ದಿನಕ್ಕೊಂದು ಪಟ

ನಮ್ಮ ಶಾಲೆಯ ದೊಡ್ಡ ಪಡಸಾಲೆಯ ಗೋಡೆಗೆ ತೂಗಹಾಕಿರುವ ವರ್ಷಾಂತ್ಯದ ಪಟಗಳನ್ನು ನಿಂತು ನೋಡದೆ ಹೋದ ವಿದ್ಯಾರ್ಥಿನಿಯು ಇರಲಾರಳು. ಮುಂದಿನ ಸಾಲಿನಲ್ಲಿ ಉಪಾಧ್ಯಾಯಿನಿಯರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವರು, ಹಿಂದೆ ಬೆಂಚುಗಳ ಮೇಲೆ ಹುಡುಗಿಯರು ಎತ್ತರಕ್ಕನುಸಾರವಾಗಿ ನಿಂತಿರುವರು, ಒಬ್ಬಳಾದರೂ ನಕ್ಕಿಲ್ಲ. ಈ ಪಟಗಳು ಬೇಕಾದವುಗಳೇ ಸರಿ. ಆದರೆ ನಮ್ಮ ಶಾಲೆಯ ಜೀವನವು ಹೇಗಿದ್ದಿತೆಂಬುದನ್ನು ಇವು ಹೇಳಬಲ್ಲವೇ? ವರ್ಷದಲ್ಲಿ ನಾವು ನಾವಾಗಿರದ ದಿನವೊಂದಿದ್ದರೆ ಅದು ಪಟ ತೆಗೆಸಿಕೊಳ್ಳುವ ಆ ದಿನವೇ ಎಂದು ನನ್ನ ಅಭಿಪ್ರಾಯ.

ಹೀಗೆ ಅಲುಗದೆ ನಿಲ್ಲುವ ಪದ್ಧತಿಗೆ ಹಿಂದೆ ಕಾರಣವಿದ್ದಿತು. 1838ರಲ್ಲಿ ದಾಗೇರ್ ಎಂಬ ಫ್ರೆಂಚ್ ಗೃಹಸ್ಥನು ಪ್ಯಾರಿಸ್ ನಗರದ ಬೀದಿಯೊಂದರ ಪಟವನ್ನು ಮೇಲಿನಿಂದ ತೆಗೆದನು. ತಗಡಿನ ಮೇಲೆ ಚಿತ್ರವು ಮೂಡಲು ಹಲವು ನಿಮಿಷಗಳು ಬೇಕಾಗಿದ್ದುದರಿಂದ, ಓಡಾಡುತ್ತಿದ್ದ ಗಾಡಿಗಳೂ ಜನರೂ ಅದರಲ್ಲಿ ಕಾಣಿಸಲೇ ಇಲ್ಲ. ಬೂಟ್ಸಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬನೂ ಅವನ ಕಾಲ ಬಳಿಯಲ್ಲಿದ್ದವನೂ ಮಾತ್ರ ಉಳಿದರು. ಆ ಕಷ್ಟವು ಎಂದೋ ತೀರಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ಕೊಡಕ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದನು. 1900ರಲ್ಲಿ ಬಂದ ಬ್ರೌನಿ ಎಂಬ ಕ್ಯಾಮರಾಕ್ಕೆ ಒಂದೇ ಡಾಲರು ಬೆಲೆ. ಈಗಲಂತೂ ಮನೆಮನೆಯ ಫೋನಿನಲ್ಲಿಯೂ ಕ್ಯಾಮರಾ ಉಂಟು. ಆದರೂ ನಾವು ಹಬ್ಬ, ಮದುವೆ, ಬಹುಮಾನಗಳ ದಿನಗಳನ್ನೇ ಆರಿಸಿಕೊಳ್ಳುವೆವು.

ನ್ಯೂಯಾರ್ಕ್ ಸಂಸ್ಥಾನದ ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದ ಜೇಮೀ ಲಿವಿಂಗ್‌ಸ್ಟನ್ ಎಂಬ ಯುವಕನು ಬೇರೊಂದು ದಾರಿ ಹಿಡಿದನು. 1979ರ ಮಾರ್ಚ್ 31ರಿಂದ ದಿನಕ್ಕೊಂದು ಪಟ ತೆಗೆಯುವ ಅಭ್ಯಾಸವನ್ನು ಅವನು ಆರಂಭಿಸಿದನು. ಅವನದು ಕೂಡಲೇ ಪಟವನ್ನು ಹೊರಕ್ಕೆ ಕೊಡುವ ಪೋಲರಾಯ್ಡ್ ಕ್ಯಾಮರಾ. ಗೆಳೆಯರು, ಊಟದ ಮೇಜು, ಬೀದಿ, ಆಟ: ಆ ದಿನ ಕಣ್ಣಿಗೆ ಬಿದ್ದುದೇ ಆ ದಿನದ ಪಟ. ಬಿಡಿಬಿಡಿಯಾಗಿ ನೋಡಿದರೆ ಅವುಗಳಲ್ಲಿ ಬಹಳಷ್ಟು ಏನೂ ವಿಶೇಷವಿಲ್ಲದವು. ಆದರೆ 6000ಕ್ಕೂ ಮಿಕ್ಕ ಆ ಪಟಗಳನ್ನು ಸಾಲಾಗಿ ನೋಡುತ್ತ ಹೋದಂತೆ ಹುಡುಗರು ಗೃಹಸ್ಥರಾಗುವರು. ಕೊನೆಗೆ ಆಸ್ಪತ್ರೆಯ ಹಾಸಿಗೆ ಕಾಣಿಸಿಕೊಳ್ಳುವುದು. ಅದರ ನಡುವೆಯೇ ಅವನ ಮದುವೆಯೂ ನಡೆಯುವುದು. 1997ರ ಅಕ್ಟೋಬರ್ 25ರಂದು, ತನ್ನ 41ನೆಯ ಹುಟ್ಟುಹಬ್ಬದ ದಿನವೇ, ಅವನು ತೀರಿಕೊಂಡನು. ಅಂದಿಗೆ ಆ ಸಾಲೂ ಮುಗಿಯಿತು. ಹತ್ತು ವರ್ಷಗಳ ಮೇಲೆ ಗೆಳೆಯರು ಅವೆಲ್ಲವನ್ನೂ ಅದೇ ಕಾಲೇಜಿನಲ್ಲಿ ಪ್ರದರ್ಶಿಸಿದರು. ಅವನು ಕ್ಯಾಮರಾವನ್ನು ತನ್ನ ಮುಖಕ್ಕೇ ಹಿಡಿದುಕೊಂಡು ಕೂಡಲಿಲ್ಲವೆಂಬುದನ್ನು ನಮ್ಮ ಈಗಿನ ಹುಡುಗಿಯರು ಗಮನಿಸಬೇಕು. (ಈ ಮಾತಿಗೆ ಅವರು ನನ್ನ ಮೇಲೆ ಕೋಪಿಸಿಕೊಳ್ಳಬಾರದು.)

ನನ್ನ ಸ್ವಂತದ ಮಾತೊಂದನ್ನು ಹೇಳುವೆನು. ನನ್ನ ತಾಯಿಯವರ ಪಟಗಳು ನಮ್ಮ ಮನೆಯಲ್ಲಿ ನಾಲ್ಕೇ ಇವೆ. ಒಂದು ಮದುವೆಯದು, ಒಂದು ಬಂಧುಗಳೊಡನೆ, ಒಂದು ಗುರುತಿನ ಚೀಟಿಗಾಗಿ ತೆಗೆಸಿದ್ದು. ನಾಲ್ಕನೆಯದು ನನ್ನ ಚಿಕ್ಕಪ್ಪನವರು ಹೊಸ ಕ್ಯಾಮರಾ ತಂದ ದಿನ ಹಿತ್ತಿಲ ದಾಳಿಂಬೆ ಗಿಡವನ್ನು ತೆಗೆಯಹೋದಾಗ ಅಕಸ್ಮಾತ್ತಾಗಿ ಬಿದ್ದದ್ದು. ಅದರ ಮೂಲೆಯಲ್ಲಿ ಅಮ್ಮ ಒರಳಿನ ಮುಂದೆ ಕುಳಿತು, ಹಿಟ್ಟು ಮೆತ್ತಿದ ಕೈಯನ್ನು ಎತ್ತಿ ಯಾರಿಗೋ ಏನನ್ನೋ ಹೇಳುತ್ತಿದ್ದಾರೆ. ಮುಖವು ಅರ್ಧ ಮಾತ್ರ ಕಾಣುವುದು. ಅವರು ಹೋದ ಮೇಲೆ ಅಕ್ಕತಂಗಿಯರು ನಾವು ಮೂವರೂ ಕೇಳಿದ್ದು ಇದೊಂದನ್ನೇ. ಮದುವೆಯ ಪಟವನ್ನು ಯಾರೂ ಕೇಳಲಿಲ್ಲ.

ಪಟವಿದ್ದರೂ ಹೆಸರಿಲ್ಲದಿದ್ದರೆ ಅದು ಅರ್ಧ ಕಳೆದುಹೋದಂತೆಯೇ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಕಾಲದಲ್ಲಿ ನಮ್ಮ ಸೀಮೆಯಲ್ಲಿ ತೆಗೆದ ಬಹಳ ಪಟಗಳು ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಭದ್ರವಾಗಿವೆ. ಅವುಗಳಲ್ಲಿ ಬಾಲಿಕಾ ಪಾಠಶಾಲೆಗಳ ಪಟಗಳೂ ಉಂಟು. ಎಷ್ಟೋ ಪಟಗಳ ಕೆಳಗೆ ಊರಿನ ಹೆಸರುಂಟು, ಹುಡುಗಿಯರ ಹೆಸರುಗಳಿಲ್ಲ. ಅವರಲ್ಲೊಬ್ಬಳು ನಮ್ಮ ಅಜ್ಜಿಯ ತಾಯಿಯಾಗಿದ್ದರೂ ನಮಗೆ ತಿಳಿಯುವ ಬಗೆಯೆಂತು?

ಆದಕಾರಣ ಮುಂದಿನ ವರ್ಷದಿಂದ ನಮ್ಮ ಶಾಲೆಯಲ್ಲಿ ದಿನಕ್ಕೊಂದೇ ಪಟ ತೆಗೆದು, ಒಪ್ಪಿಗೆ ಕೇಳಿಯೇ ತೆಗೆದು, ಕಾಗದದ ಮೇಲೆ ಅಚ್ಚುಮಾಡಿಸಿ, ಹಿಂಬದಿಯಲ್ಲಿ ತಾರೀಖನ್ನೂ ಹೆಸರುಗಳನ್ನೂ ಬರೆದು, ವಾಚನಾಲಯದ ಆಲ್ಬಮ್ಮಿನಲ್ಲಿ ಅಂಟಿಸಬೇಕೆಂದು ಸೂಚಿಸುತ್ತೇನೆ. ಫೋನಿನಲ್ಲಿಯೇ ಸಾವಿರಾರು ಇವೆಯಲ್ಲ ಎಂದು ಕೆಲವರು ಹೇಳುವರು. ಫೋನು ಕೆಟ್ಟ ದಿನ ಅವರನ್ನು ಕೇಳಬೇಕು. ಖರ್ಚಾಗುವುದು ನಿಜ; ಆದರೆ ವಾರ್ಷಿಕೋತ್ಸವದ ತೋರಣಕ್ಕೆ ಆಗುವಷ್ಟು ಆಗಲಾರದು.

ಮೊದಲನೆಯ ದಿನ ಯಾರ ಪಟವೆಂದು ಕೇಳಿದರೆ, ಗಂಟೆ ಬಾರಿಸುವ ನಮ್ಮ ಆಯಾ ಅವರದೆನ್ನುವೆನು. ನಾನು ಓದುತ್ತಿದ್ದಾಗಲೂ ಗಂಟೆ ಬಾರಿಸುತ್ತಿದ್ದವರು ಅವರೇ. ಪಡಸಾಲೆಯ ಗೋಡೆಯ ಮೇಲಿನ ಪಟಗಳನ್ನೆಲ್ಲ ಮೊನ್ನೆ ಒಂದೊಂದಾಗಿ ನೋಡಿದೆನು, ಒಂದರಲ್ಲಿಯೂ ಅವರಿಲ್ಲ. ಪಟದ ಹಿಂದೆ ಬರೆಯುವುದಕ್ಕೆ ಅವರ ಹೆಸರನ್ನು ಕೇಳಿಕೊಳ್ಳಬೇಕಾಗುವುದು. ಇಷ್ಟು ವರ್ಷಗಳಿಂದ ನಾವೆಲ್ಲರೂ ಅವರನ್ನು ಆಯಾ ಎಂದೇ ಕರೆದಿದ್ದೇವೆ.