ವಿಜ್ಞಾನ ವಿಚಾರ: ವಿದ್ಯಾಪೀಠವೂ ಕಾರ್ಖಾನೆಯೂ

ಕೈಗಡಿಯಾರದಿಂದ ಮೊದಲುಗೊಂಡು ಬಟ್ಟೆ ಒಗೆಯುವ ಯಂತ್ರದವರೆಗೆ, ಅರೆವಾಹಕದ ತುಣುಕು ಹೊಕ್ಕಿರದ ವಸ್ತುಗಳು ಈಗಿನ ಮನೆಗಳಲ್ಲಿ ಅಪೂರ್ವವಾಗುತ್ತಿವೆ. ಜನರು ‘ಚಿಪ್’ ಎಂದು ಕರೆಯುವುದು ಇದನ್ನೇ. ಇದನ್ನು ತಯಾರಿಸುವ ಕಾರ್ಖಾನೆ ನಮ್ಮ ಸೀಮೆಗೂ ಬರಲಿ, ನಮ್ಮ ಮಕ್ಕಳಿಗೂ ಅದರಲ್ಲಿ ಕೆಲಸ ಸಿಕ್ಕಲಿ ಎಂಬ ಹಂಬಲವು ಗೃಹಸ್ಥರಲ್ಲಿ ಸಹಜವಾದುದೇ ಸರಿ. ಆದರೆ ಇಂತಹ ಉದ್ಯಮವು ಒಂದು ಪ್ರಾಂತದಲ್ಲಿ ಬೇರೂರುವ ಬಗೆ ಹೇಗೆ, ಅದರಲ್ಲಿ ವಿದ್ಯಾಪೀಠದ ಪಾಲೆಷ್ಟು ಎಂಬುದನ್ನು ಮೊದಲು ವಿಚಾರಿಸಬೇಕು.

ತಾಮ್ರವೇ ಮೊದಲಾದ ಲೋಹಗಳು ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುತ್ತವೆ. ಗಾಜು, ಪಿಂಗಾಣಿಗಳು ತಡೆಯುತ್ತವೆ. ಸಿಲಿಕಾನ್ ಎಂಬ ಮೂಲವಸ್ತು ಈ ಎರಡರ ನಡುವಣದು. ಮರಳಿನಲ್ಲಿ ಆಮ್ಲಜನಕದೊಡನೆ ಕೂಡಿರುವ ಇದನ್ನು ಬೇರ್ಪಡಿಸಿ, ಅತ್ಯಂತ ಶುದ್ಧಿಗೊಳಿಸಿ, ಬಳಿಕ ಬೋರಾನನ್ನೋ ರಂಜಕವನ್ನೋ ಲೇಶಮಾತ್ರ ಬೆರಸಿದರೆ, ತೊಟ್ಟು ಹೆಪ್ಪಿನಿಂದ ಹಾಲು ಮೊಸರಾಗುವಂತೆ, ಅದರ ಗುಣವೇ ಬೇರೆಯಾಗುವುದು. ಹೀಗೆ ಬೇರೆ ಬೇರೆ ಗುಣ ಪಡೆದ ಭಾಗಗಳನ್ನು ಒಂದಕ್ಕೊಂದು ಹೊಂದಿಸಿದಾಗ ವಿದ್ಯುತ್ತಿನ ಹರಿವನ್ನು ತೆರೆದು ಮುಚ್ಚುವ ಸೂಕ್ಷ್ಮದ್ವಾರವೊಂದು ಸಿದ್ಧವಾಗುತ್ತದೆ. ಟ್ರಾನ್ಸಿಸ್ಟರ್ ಎಂದರೆ ಇದೇ. ಈ ಕೆಲಸದಲ್ಲಿ ಧೂಳಿನ ಒಂದು ಕಣ ಬಿದ್ದರೂ ಕೇಡು. ಕೆಲಸಗಾರರು ಅಡಿಯಿಂದ ಮುಡಿಯವರೆಗೆ ಮುಚ್ಚುವ ಉಡುಪು ಧರಿಸಿ, ಸೋಸಿದ ಗಾಳಿಯಿರುವ ಕೋಣೆಯಲ್ಲಿ ನಿಂತು ಇದನ್ನು ಮಾಡುತ್ತಾರೆ. ನಮ್ಮ ಅಜ್ಜಿಯರ ಮಡಿಯೂ ಇದರ ಮುಂದೆ ಸಡಿಲವೆನ್ನಬೇಕು! ಆದಕಾರಣ ಪುಸ್ತಕ ಓದಿದ ಮಾತ್ರಕ್ಕೆ ಈ ವಿದ್ಯೆ ಕೈಹತ್ತಲಾರದು. ಮಾಡಿದವರ ಬಳಿ ನಿಂತು ಮಾಡಿಯೇ ಕಲಿಯತಕ್ಕದ್ದು.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಟ್ಯಾನ್‌ಫರ್ಡ್ ವಿದ್ಯಾಪೀಠದ ಚರಿತ್ರೆ ಇದಕ್ಕೆ ನಿದರ್ಶನವಾಗಿದೆ. ಲೀಲಂಡ್ ಸ್ಟ್ಯಾನ್‌ಫರ್ಡ್ ದಂಪತಿಗಳ ಒಬ್ಬನೇ ಮಗ ೧೮೮೪ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ವಿಷಮಶೀತಜ್ವರದಿಂದ ತೀರಿಕೊಂಡನು. ಅವನ ನೆನಪಿಗಾಗಿ ಅವರು ಸ್ಥಾಪಿಸಿದ ಈ ವಿದ್ಯಾಪೀಠವು ೧೮೯೧ರಲ್ಲಿ ಬಾಗಿಲು ತೆರೆಯಿತು. ದಾನವಾಗಿ ಕೊಟ್ಟ ವಿಶಾಲವಾದ ಭೂಮಿಯನ್ನು ಎಂದೂ ಮಾರಕೂಡದೆಂಬ ನಿಬಂಧನೆಯಿತ್ತು. ಸುತ್ತಲಿನ ಕಣಿವೆಯಲ್ಲಿ ಆಗ ಇದ್ದುದು ಬಹುಮಟ್ಟಿಗೆ ಹಣ್ಣಿನ ತೋಟಗಳು.

ಅಲ್ಲಿ ವಿದ್ಯುಚ್ಛಾಸ್ತ್ರದ ಉಪಾಧ್ಯಾಯರಾಗಿದ್ದ ಫ್ರೆಡರಿಕ್ ಟರ್ಮನ್ ಎಂಬವರಿಗೆ ಒಂದು ಚಿಂತೆಯಿತ್ತು. ತಾವು ಕಲಿಸಿದ ಜಾಣ ಹುಡುಗರೆಲ್ಲ ಉದ್ಯೋಗವನ್ನರಸಿ ಪೂರ್ವತೀರದ ಪಟ್ಟಣಗಳಿಗೆ ಹೊರಟುಹೋಗುತ್ತಿದ್ದರು. ಊರಿನಲ್ಲಿಯೇ ಉದ್ಯಮ ಹೂಡಿರೆಂದು ಅವರು ಶಿಷ್ಯರನ್ನು ಹುರಿದುಂಬಿಸಿದರು. ಹ್ಯೂಲೆಟ್, ಪ್ಯಾಕರ್ಡ್ ಎಂಬ ಇಬ್ಬರು ೧೯೩೯ರಲ್ಲಿ ಮೋಟಾರು ನಿಲ್ಲಿಸುವ ಕೊಟ್ಟಿಗೆಯೊಂದರಲ್ಲಿ ಕೆಲಸ ಆರಂಭಿಸಿದ್ದು ಹೀಗೆ. ೧೯೫೧ರಲ್ಲಿ ವಿದ್ಯಾಪೀಠವು ಮಾರಲಾಗದ ತನ್ನ ನೆಲದ ಒಂದು ಭಾಗವನ್ನು ಉದ್ಯಮಗಳಿಗೆ ಗೇಣಿಗೆ ಕೊಡತೊಡಗಿತು. ೧೯೫೪ರಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಿರುವ ಇಂಜಿನಿಯರುಗಳು ಕೆಲಸ ಬಿಡದೆಯೇ ಮೇಲಿನ ಪದವಿಗೆ ಓದುವ ಏರ್ಪಾಡೂ ಆಯಿತು.

ಮುಂದಿನ ಸಂಗತಿ ವಿಶೇಷವಾಗಿ ಗಮನಾರ್ಹವಾದುದು. ಟ್ರಾನ್ಸಿಸ್ಟರಿನ ಶೋಧಕರಲ್ಲೊಬ್ಬರಾದ ಶಾಕ್ಲಿಯವರು ೧೯೫೬ರಲ್ಲಿ ಆ ಸಮೀಪದಲ್ಲಿಯೇ ಸಿಲಿಕಾನ್ ಪ್ರಯೋಗಶಾಲೆಯನ್ನು ನಡೆಸತೊಡಗಿದರು. ವಿದ್ಯಾಪೀಠದವರು ತಮ್ಮ ತರುಣ ಪಂಡಿತರಾದ ಜೇಮ್ಸ್ ಗಿಬನ್ಸ್ ಅವರನ್ನು ೧೯೫೭ರಲ್ಲಿ ಅಲ್ಲಿಗೆ ಕಳುಹಿಸಿದರು. ಡಾಕ್ಟರೇಟ್ ಪಡೆದವರು ಕಾರ್ಖಾನೆಯಲ್ಲಿ ಶಿಷ್ಯವೃತ್ತಿ ಕೈಗೊಂಡು, ಕಲಿತ ಕ್ರಮಗಳನ್ನು ವಿದ್ಯಾಪೀಠಕ್ಕೆ ತಂದು, ಮರುವರ್ಷವೇ ಅಲ್ಲಿ ಸಿಲಿಕಾನ್ ಉಪಕರಣವನ್ನು ತಯಾರಿಸಿದರು. ಆಮೇಲೆ ವಿದ್ಯಾರ್ಥಿಗಳು ಆ ಕೆಲಸವನ್ನು ತಮ್ಮ ಕೈಯಿಂದಲೇ ಕಲಿಯುವಂತಾಯಿತು. ಶಾಕ್ಲಿಯವರನ್ನು ಬಿಟ್ಟು ಹೊರಟ ಎಂಟು ಮಂದಿ ೧೯೫೭ರಲ್ಲಿ ಫೇರ್‌ಚೈಲ್ಡ್ ಅರೆವಾಹಕ ಸಂಸ್ಥೆಯನ್ನು ಕಟ್ಟಿದರು. ಅವರಲ್ಲಿಬ್ಬರು ೧೯೬೮ರಲ್ಲಿ ಇಂಟೆಲ್ ಸಂಸ್ಥೆಯನ್ನು ಹೂಡಿದರು. ತೋಟದ ಕಣಿವೆಗೆ ‘ಸಿಲಿಕಾನ್ ಕಣಿವೆ’ ಎಂದು ಹೆಸರಾಯಿತು. ಇದೆಲ್ಲವೂ ವಿದ್ಯಾಪೀಠವೊಂದರ ಮಹಿಮೆಯೆಂದು ಹೇಳಲಾಗದು. ಸೈನ್ಯವೂ ಆಕಾಶಯಾನದ ಇಲಾಖೆಯೂ ಮೊದಲ ದಿನಗಳಲ್ಲಿ ದೊಡ್ಡ ಗಿರಾಕಿಗಳಾಗಿದ್ದುವು. ಆದರೆ ಬೇಕಾದ ಜನರನ್ನು ಸಿದ್ಧಗೊಳಿಸುವ ಕೆಲಸ ಹಣದಿಂದ ಮಾತ್ರ ಆಗುವಂತಹದಲ್ಲ.

ಈ ಸಂಪತ್ತಿನ ಇನ್ನೊಂದು ಮುಖವನ್ನೂ ಮರೆಯಬಾರದು. ಸಿಲಿಕಾನನ್ನು ತೊಳೆಯಲು ಬಳಸುವ ದ್ರಾವಕಗಳು ನೆಲದಡಿಯ ತೊಟ್ಟಿಯಿಂದ ಸೋರಿ, ಜನರು ಕುಡಿಯುವ ಬಾವಿಯನ್ನು ಸೇರಿದುದು ಸ್ಯಾನ್ ಹೊಸೆ ನಗರದಲ್ಲಿ ೧೯೮೧ರಲ್ಲಿ ಹೊರಬಿದ್ದಿತು. ಆ ಕಣಿವೆಯ ಅಂತರ್ಜಲವನ್ನು ಶುದ್ಧಿಮಾಡುವ ಕೆಲಸ ದಶಕಗಳ ಕಾಲ ನಡೆಯಬೇಕಾಯಿತು. ಚಿಪ್ಪಿನ ಕೋಣೆಯೊಳಗೆ ಅಷ್ಟು ಮಡಿ ಕಾಯ್ದವರು ಹೊರಗಿನ ನೀರಿನ ಮಡಿಯನ್ನು ಕಾಯದೆ ಹೋದರು. ಉಪಕರಣ ಮಾಡುವುದನ್ನು ಕಲಿಸುವ ವಿದ್ಯಾಪೀಠವು ಕೊಳೆಯನ್ನು ನಿವಾರಿಸುವ ಬಗೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕಾದುದು ಇದರಿಂದ ಸ್ಪಷ್ಟವಾಗುತ್ತದೆ.

ನಮ್ಮ ನಾಡಿಗೆ ಈ ಮಾತು ದೂರದ್ದಲ್ಲ. ಮೈಸೂರು ಅರಸು ಮನೆತನವು ೩೭೧ ಎಕರೆ ಭೂಮಿಯಿತ್ತ ಭಾರತೀಯ ವಿಜ್ಞಾನ ಸಂಸ್ಥೆಯು ೧೯೦೯ರಿಂದ ಬೆಂಗಳೂರಿನಲ್ಲಿದೆ. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿ ಚಿಪ್ಪುಗಳ ವಿನ್ಯಾಸದ ಕೇಂದ್ರವನ್ನು ತೆರೆದ ತರುವಾಯ ಇತರ ಸಂಸ್ಥೆಗಳೂ ಬಂದುವು. ನಕ್ಷೆ ಬರೆಯುವುದರಲ್ಲಿ ನಮ್ಮವರು ಹೆಸರುವಾಸಿ. ಆದರೆ ಆ ನಕ್ಷೆಯನ್ನು ಸಿಲಿಕಾನಿನ ಮೇಲೆ ಮೂಡಿಸುವ ಕೆಲಸ ಬಹುಕಾಲ ಹೊರದೇಶಗಳಲ್ಲಿಯೇ ನಡೆದುಬಂದಿತು. ವಿಜ್ಞಾನ ಸಂಸ್ಥೆಯಲ್ಲಿ ೨೦೧೦ರಲ್ಲಿ ಆರಂಭವಾದ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಇದಕ್ಕೆ ಬೇಕಾದ ಶುದ್ಧಕೋಣೆಗಳಿವೆ. ಬೇರೆ ಕಾಲೇಜುಗಳ ಸಂಶೋಧಕರಿಗೂ ಅಲ್ಲಿ ಶಿಕ್ಷಣ ದೊರೆತಿದೆ. ಇಂತಹ ಬಾಗಿಲುಗಳು ಹೆಚ್ಚಬೇಕು.

ಮಗನನ್ನೋ ಮಗಳನ್ನೋ ಇಂಜಿನಿಯರಿಂಗ್ ಓದಿಗೆ ಸೇರಿಸಲಿರುವ ತಂದೆತಾಯಿಗಳು ಕಾಲೇಜಿನ ಕಟ್ಟಡವನ್ನೂ ಶುಲ್ಕವನ್ನೂ ವಿಚಾರಿಸುವುದು ವಾಡಿಕೆ. ಅದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳುವುದೊಳಿತು: ಪ್ರಯೋಗಶಾಲೆಯ ಬೀಗ ವಾರಕ್ಕೆ ಎಷ್ಟು ಸಲ ತೆಗೆಯುತ್ತದೆ? ಉಪಕರಣವನ್ನು ಮುಟ್ಟುವವರು ವಿದ್ಯಾರ್ಥಿಗಳೋ, ಉಪಾಧ್ಯಾಯರೊಬ್ಬರೇ ಮುಟ್ಟಿ ತೋರಿಸುವುದೋ? ಉಪಾಧ್ಯಾಯರಲ್ಲಿ ಎಷ್ಟು ಮಂದಿ ಕಾರ್ಖಾನೆಯಲ್ಲಿ ನಿಂತು ಕೆಲಸ ಕಲಿತವರು? ಕೇಳುವವರು ಹೆಚ್ಚಿದಂತೆ ಕಾಲೇಜಿನವರೂ ಉತ್ತರವನ್ನು ಸಿದ್ಧಪಡಿಸಿಕೊಳ್ಳಲೇಬೇಕಾಗುವುದು.