ಡಾಕಾರಿನಲ್ಲಿ ಸಾಧ್ಯವಾದುದು ಮರೀನಾ ದಂಡೆಯಲ್ಲಿ ಏಕೆ ಅಸಾಧ್ಯ?

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ವಿಭಾಗಗಳಿರಬೇಕೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮವರಿಂದ ಎರಡು ಬಗೆಯ ಉತ್ತರಗಳು ಬರುತ್ತವೆ. ವಿದ್ಯಾರ್ಥಿಗಳೇ ಇಲ್ಲದ ಮೇಲೆ ವಿಭಾಗವೇಕೆ ಎಂಬುದು ಲೆಕ್ಕಿಗರ ಉತ್ತರ. ಕನ್ನಡದ ಹೆಸರು ಹೊತ್ತ ಹಲಗೆ ಎಲ್ಲಿದ್ದರೂ ಅದು ನಮ್ಮ ಅಭಿಮಾನದ ಕುರುಹು, ಅದನ್ನು ತೆಗೆಯಕೂಡದು ಎಂಬುದು ಭಾವುಕರ ಉತ್ತರ. ಇವೆರಡನ್ನೂ ನಾನು ಒಪ್ಪಲಾರೆ. ತಲೆ ಎಣಿಸಿ ವಿದ್ಯೆಗೆ ಬೆಲೆ ಕಟ್ಟುವುದು ಎಷ್ಟು ಅವಿವೇಕವೋ ಹಲಗೆಗೆ ಆರತಿ ಎತ್ತಿ ಕೃತಾರ್ಥರಾಗುವುದೂ ಅಷ್ಟೇ ಅವಿವೇಕ. ಬೇರೆಲ್ಲಿಯೂ ಮಾಡಲಾಗದ ಕೆಲಸವೊಂದು ಅಲ್ಲಿ ಇದ್ದರೆ ವಿಭಾಗ ಇರಬೇಕು. ಚೆನ್ನೈಯಲ್ಲಿ ಅಂಥ ಕೆಲಸ ಬೆಟ್ಟದಷ್ಟಿದೆ. ಹಲವು ಶಾಸ್ತ್ರಗಳವರು ಕೂಡಿ ಅದಕ್ಕೆ ಹೆಗಲು ಕೊಡುವ ವ್ಯವಸ್ಥೆ ಮಾತ್ರ ಇಲ್ಲ. ಇದೇ ನನ್ನ ತಕರಾರು. ಅದನ್ನು ಸ್ಪಷ್ಟಪಡಿಸಲು ಓದುಗರನ್ನು ಒಮ್ಮೆ ಪಶ್ಚಿಮ ಆಫ್ರಿಕಕ್ಕೆ ಕರೆದೊಯ್ಯಬೇಕಾಗಿದೆ.

ಸೆನೆಗಲ್ ದೇಶ 1960ರಲ್ಲಿ ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಪಡೆಯಿತು. ಅದರ ಮೊದಲ ರಾಷ್ಟ್ರಾಧ್ಯಕ್ಷರಾದ ಲಿಯೊಪೋಲ್ಡ್ ಸೆಡಾರ್ ಸೆಂಘೋರ್ ಕವಿ, ವ್ಯಾಕರಣ ಕಲಿತ ಅಧ್ಯಾಪಕ. ಕಪ್ಪು ಜನಾಂಗದ ಸಂಸ್ಕೃತಿಗೆ ತನ್ನದೇ ಘನತೆಯಿದೆ ಎಂದು ಸಾರಿದ 'ನೆಗ್ರಿಟ್ಯೂಡ್' ಚಳವಳಿಯ ಪ್ರವರ್ತಕರಲ್ಲೊಬ್ಬರು. ಅವರು 1974ರಲ್ಲಿ ಇದೇ ಮದ್ರಾಸಿಗೆ ಬಂದು ಅಂತರರಾಷ್ಟ್ರೀಯ ತಮಿಳು ಅಧ್ಯಯನ ಸಂಸ್ಥೆಯಲ್ಲಿ ನೆಗ್ರಿಟ್ಯೂಡ್ ಮತ್ತು ದ್ರಾವಿಡ ಸಂಸ್ಕೃತಿಯನ್ನು ಕುರಿತು ಉಪನ್ಯಾಸ ನೀಡಿದರು. ಅವರ ಆಸಕ್ತಿಯ ಫಲವಾಗಿ ಡಾಕಾರ್ ವಿಶ್ವವಿದ್ಯಾಲಯದಲ್ಲಿ ಇಂಡೋ-ಆಫ್ರಿಕನ್ ಅಧ್ಯಯನಕ್ಕೆ ನೆಲೆ ದೊರೆಯಿತು. ಅಲ್ಲಿಗೆ 1970ರ ದಶಕದಲ್ಲಿ ಸಂಶೋಧನೆಗೆಂದು ಹೋದವರು ಯಾರು? ಉಡುಪಿ ಸೀಮೆಯ ಡಾ. ಯು. ಪಿ. ಉಪಾಧ್ಯಾಯರು ಮತ್ತು ಅವರ ಪತ್ನಿ ಡಾ. ಸುಶೀಲಾ ಉಪಾಧ್ಯಾಯರು. ತಮಿಳು ವಿದ್ವಾಂಸ ಕೆ. ಪಿ. ಅರವಾಣನ್ ಅವರೂ ಅದೇ ದಶಕದಲ್ಲಿ ಅಲ್ಲಿ ದುಡಿದರು. ಕನ್ನಡ, ತುಳು, ತಮಿಳುಗಳನ್ನು ಬಲ್ಲವರು ವೊಲೋಫ್ ಮೊದಲಾದ ಭಾಷೆಗಳ ನಾಡಿನಲ್ಲಿ ಕುಳಿತು, ನುಡಿ, ನಂಬಿಕೆ, ಆಚರಣೆ, ಪ್ರಾಗಿತಿಹಾಸ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಪರಿಶೀಲಿಸಿದರು. ಉಪಾಧ್ಯಾಯ ದಂಪತಿಗಳ ಶ್ರಮ ದ್ರಾವಿಡ ಮತ್ತು ನೀಗ್ರೋ-ಆಫ್ರಿಕನ್ ಸಂಬಂಧವನ್ನು ಕುರಿತ ಇಂಗ್ಲಿಷ್ ಗ್ರಂಥವಾಗಿ 1983ರಲ್ಲಿ ಹೊರಬಂದಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ದ್ರಾವಿಡರಿಗೂ ಆಫ್ರಿಕದವರಿಗೂ ಮೂಲದಲ್ಲಿ ನಂಟಿತ್ತು ಎಂಬ ಸಿದ್ಧಾಂತವನ್ನು ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪಿಲ್ಲ. ಒಂದೇ ರೀತಿ ಕೇಳಿಸುವ ಪದಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಭಾಷಾ ಬಾಂಧವ್ಯ ಸಿದ್ಧವಾಗದು. ಧ್ವನಿಗಳ ನಡುವೆ ನಿಯಮಬದ್ಧವಾದ ಹೊಂದಾಣಿಕೆ ಬೇಕು. ನಮ್ಮ ವೇದಿಕೆಗಳ ಮೇಲೆ ಇಂಥ ಸಿದ್ಧಾಂತಗಳಿಗೆ ಸಿಗುವ ಚಪ್ಪಾಳೆ ನನಗೆ ಗಾಬರಿ ಹುಟ್ಟಿಸುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು 1904ರಲ್ಲಿ ಸೂಚಿಸಿದ ಹುಲ್ಟ್ಷ್ ಅವರು ಅದನ್ನು ಒಂದು ಊಹೆಯಾಗಿ ಮುಂದಿಟ್ಟರು. ನಮ್ಮ ಭಾಷಣಕಾರರ ಬಾಯಲ್ಲಿ ಅದು ಶಿಲಾಶಾಸನವಾಗಿಬಿಟ್ಟಿದೆ. ನೈಲ್ ನದಿಯ ದಂಡೆಯಲ್ಲಿ ಕನ್ನಡದ ಎರಡು ಪದಗಳಿಗಾಗಿ ಹಂಬಲಿಸುವ ನಾವು, ಕಾವೇರಿ ವೈಗೈಗಳ ದಂಡೆಯಲ್ಲಿ ಇಂದಿಗೂ ಕನ್ನಡವಾಡುವ ಲಕ್ಷಾಂತರ ಜನರ ಬಗ್ಗೆ ಕಿವುಡರಾಗಿದ್ದೇವೆ.

ಆದ್ದರಿಂದ ಡಾಕಾರಿನಿಂದ ನಾವು ಎರವಲು ತರಬೇಕಾದುದು ಅದರ ತೀರ್ಮಾನವನ್ನಲ್ಲ, ಅದರ ಮನೋಧರ್ಮವನ್ನು. ಆಗತಾನೆ ಸ್ವತಂತ್ರವಾದ ಒಂದು ಬಡ ದೇಶ, ತನ್ನ ಜನರನ್ನು ಅರಿಯಲು ಯಾವ ಒಂದು ಶಾಸ್ತ್ರವೂ ಸಾಲದೆಂದು ಕಂಡುಕೊಂಡು ಸಾವಿರಾರು ಮೈಲಿ ದೂರದ ವಿದ್ವಾಂಸರನ್ನು ಬರಮಾಡಿಕೊಂಡಿತು. ಆ ಮನೋಧರ್ಮ ನಮ್ಮ ನೆಲದಲ್ಲಿ ಫಲಿಸಬಲ್ಲದೆಂಬುದಕ್ಕೆ ಸಾಕ್ಷಿಯೂ ಇದೆ. ಉಡುಪಿಗೆ ಮರಳಿದ ಉಪಾಧ್ಯಾಯರು ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, ಕು. ಶಿ. ಹರಿದಾಸ ಭಟ್ಟರ ಆಸರೆಯಲ್ಲಿ, ತುಳು ನಿಘಂಟಿನ ಕೆಲಸ ಕೈಗೊಂಡರು. ಗ್ರಂಥಗಳಿಂದ ಪದ ಆಯ್ದು ಅಕಾರಾದಿಯಲ್ಲಿ ಜೋಡಿಸಿದ್ದರೆ ಅದೊಂದು ಸಾಮಾನ್ಯ ಕೋಶವಾಗುತ್ತಿತ್ತು. ಪಾಡ್ದನ, ಕೃಷಿ, ಕಸುಬು, ಭೂತಾರಾಧನೆ, ಜಾತಿ ಜಾತಿಯ, ಊರೂರಿನ ಮಾತುಗಳ ಭೇದ ಇವೆಲ್ಲವನ್ನೂ ಜನರ ಬಾಯಿಂದ ಕೇಳಿ ಬರೆದುಕೊಂಡ ಕಾರಣ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ಆ ನಿಘಂಟು ಒಂದು ಜನಪದದ ಇತಿಹಾಸವೇ ಆಯಿತು. ಭಾಷಾವಿಜ್ಞಾನವೂ ಜಾನಪದವೂ ಮಾನವಶಾಸ್ತ್ರವೂ ಅಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿರಲಿಲ್ಲ.

ಇನ್ನು ನಮ್ಮ ಚೆನ್ನೈಯನ್ನು ನೋಡೋಣ. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೊಂದು ಕುಟುಂಬ ಎಂಬುದನ್ನು ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟದ್ದು ಈ ನಗರದಲ್ಲಿ. ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ತಮಿಳು, ತೆಲುಗು, ಕನ್ನಡಗಳನ್ನು ಅಕ್ಕಪಕ್ಕದಲ್ಲಿಟ್ಟು ಕಲಿಸುತ್ತಿದ್ದುದರಿಂದ ಅದು ಸಾಧ್ಯವಾಯಿತು. ಮೆಕೆಂಜಿ ಸಂಗ್ರಹದ ಕನ್ನಡ ಕೈಫಿಯತ್ತುಗಳು ಉಳಿದದ್ದು ಇಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ. ಮದ್ರಾಸು ವಿಶ್ವವಿದ್ಯಾಲಯ 1930ರಲ್ಲಿ 'ಕವಿರಾಜಮಾರ್ಗ'ವನ್ನು ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ಯರ ಸಂಪಾದನೆಯಲ್ಲಿ ಪ್ರಕಟಿಸಿತು. ಮರಿಯಪ್ಪ ಭಟ್ಟರು ಇಲ್ಲಿಂದಲೇ 1967ರಲ್ಲಿ ಶಂಕರ ಕೆದಿಲಾಯರೊಡನೆ ತುಳು-ಇಂಗ್ಲಿಷ್ ನಿಘಂಟನ್ನೂ, 1968ರಿಂದ 1971ರವರೆಗೆ ಕಿಟ್ಟೆಲ್ ಕೋಶದ ಪರಿಷ್ಕೃತ ಆವೃತ್ತಿಯನ್ನು ನಾಲ್ಕು ಸಂಪುಟಗಳಲ್ಲಿಯೂ ಹೊರತಂದರು. ಇಷ್ಟು ದೊಡ್ಡ ಪರಂಪರೆಯ ಮುಂದೆ ನಿಂತು, ವಿದ್ಯಾರ್ಥಿಗಳೆಷ್ಟು ಮಂದಿ ಎಂಬ ಒಂದೇ ಪ್ರಶ್ನೆ ಕೇಳುವುದು ಸಣ್ಣತನ.

ಹಾಗಾದರೆ ಕುಂದು ಎಲ್ಲಿದೆ? ನನ್ನ ದೃಷ್ಟಿಯಲ್ಲಿ ಅದರ ಬೇರು 1956ರಲ್ಲಿದೆ. ಮದ್ರಾಸಿನಲ್ಲಿ ಕನ್ನಡದ ಅಧ್ಯಯನ ನೆಲೆಗೊಂಡದ್ದು ದಕ್ಷಿಣ ಕನ್ನಡ, ಬಳ್ಳಾರಿಗಳಂಥ ಕನ್ನಡ ಪ್ರದೇಶಗಳು ಮದ್ರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ. ಬಳ್ಳಾರಿ 1953ರಲ್ಲಿ, ದಕ್ಷಿಣ ಕನ್ನಡ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಭೂಪಟ ಬದಲಾಯಿತು, ಕನ್ನಡ ವಿಭಾಗ ಇನ್ನು ಮುಂದೆ ಯಾವ ಕಾರಣಕ್ಕಾಗಿ ಇರಬೇಕು ಎಂಬುದನ್ನು ಮಾತ್ರ ಯಾರೂ ಹೊಸದಾಗಿ ಬರೆಯಲಿಲ್ಲ. ಕಡತದಲ್ಲಿ ಉದ್ದೇಶದ ಕಾಲಮು ಖಾಲಿ ಉಳಿದ ಯೋಜನೆ ಹಣಕಾಸಿನ ಮೊದಲ ಪ್ರಶ್ನೆಗೇ ತತ್ತರಿಸುತ್ತದೆಂಬುದನ್ನು ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಾನು ಚೆನ್ನಾಗಿ ಬಲ್ಲೆ.

ಮತ್ತೆ ಪಶ್ಚಿಮ ಆಫ್ರಿಕದತ್ತ ನೋಡಿ. ನೈಜೀರಿಯದ ಇಬಾದಾನಿನಲ್ಲಿ 1948ರಲ್ಲಿ ತೆರೆದ ಕಾಲೇಜು ಲಂಡನ್ ವಿಶ್ವವಿದ್ಯಾಲಯದ ಕೂಸು. ಮದ್ರಾಸು ವಿಶ್ವವಿದ್ಯಾಲಯವೂ 1857ರಲ್ಲಿ ಅದೇ ಲಂಡನಿನ ಮಾದರಿಯಲ್ಲಿ ಹುಟ್ಟಿತು. ಆಫ್ರಿಕಕ್ಕೆ ಬರಹದ ದಾಖಲೆಗಳಿಲ್ಲ, ಆದ್ದರಿಂದ ಇತಿಹಾಸವೂ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಇಬಾದಾನಿನ ಕೆನೆತ್ ಡೈಕ್ ಎಂಬ ಇತಿಹಾಸಕಾರರು ಮೌಖಿಕ ಪರಂಪರೆಯನ್ನೂ ಆಕರವಾಗಿ ಸ್ವೀಕರಿಸಿದರು. ಬೆನಿನ್ ರಾಜ್ಯದ ಚರಿತ್ರೆಗಾಗಿ ಅವರು ರೂಪಿಸಿದ ಯೋಜನೆಯಲ್ಲಿ ಇತಿಹಾಸ, ಮಾನವಶಾಸ್ತ್ರ, ಪುರಾತತ್ತ್ವಗಳ ವಿದ್ವಾಂಸರು ಒಟ್ಟಿಗೆ ದುಡಿದರು. ಭೂಪಟ ಬದಲಾದಾಗ ಇಬಾದಾನ್ ತನ್ನ ಉದ್ದೇಶವನ್ನು ತಾನೇ ಬರೆದುಕೊಂಡಿತು. ಮದ್ರಾಸಿನ ಕನ್ನಡಕ್ಕೆ ಆ ಭಾಗ್ಯ ಒದಗಲಿಲ್ಲ.

ಬರೆಯಬಹುದಾದ ಉದ್ದೇಶ ಇದು: ತಮಿಳು ನಾಡಿನಲ್ಲಿರುವ ಕನ್ನಡದ ಸಮಗ್ರ ಅಧ್ಯಯನ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಕನ್ನಡ ಮಾತೃಭಾಷಿಕರು 12 ಲಕ್ಷಕ್ಕೂ ಹೆಚ್ಚು. ನೌಕರಿಗೆಂದು ಬಂದ ನಮ್ಮಂಥವರು ಅದರಲ್ಲಿ ಒಂದು ಪಾಲು ಮಾತ್ರ. ಉಳಿದವರಲ್ಲಿ ಬಹುಮಂದಿ ಶತಮಾನಗಳಿಂದ ಈ ಮಣ್ಣಿನವರು.

ನೀಲಗಿರಿಯ ಬಡಗರನ್ನೇ ತೆಗೆದುಕೊಳ್ಳಿ. ಜನಗಣತಿ ಬಡಗ ನುಡಿಯನ್ನು ಕನ್ನಡದ ಶೀರ್ಷಿಕೆಯಡಿಯಲ್ಲಿ ಎಣಿಸುತ್ತದೆ. ಅದು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಮೈಸೂರು ಸೀಮೆಯಿಂದ ವಲಸೆ ಬಂದೆವೆಂಬ ಐತಿಹ್ಯ ಅವರಲ್ಲಿದೆ. ತೋಡ, ಕೋತ, ಕುರುಂಬರೊಡನೆ ಅವರು ನಡೆಸಿದ ಧಾನ್ಯ, ಮಡಕೆ, ಮಂತ್ರಗಳ ವಿನಿಮಯವನ್ನು ಅರಿಯದೆ ಅವರ ಪದಸಂಪತ್ತಿನ ಮರ್ಮ ತಿಳಿಯದು. 1992ರಲ್ಲಿ ಬಡಗ-ಇಂಗ್ಲಿಷ್ ನಿಘಂಟನ್ನು ಹೊರತಂದವರು ಪಾಲ್ ಹಾಕಿಂಗ್ಸ್ ಎಂಬ ಮಾನವಶಾಸ್ತ್ರಜ್ಞರು ಮತ್ತು ಕ್ರಿಸ್ಟಿಯಾನ್ ಪಿಲೋ-ರಾಯಚೂರ್ ಎಂಬ ಫ್ರಾನ್ಸಿನ ಭಾಷಾವಿಜ್ಞಾನಿ. ಪರದೇಶದ ಇಬ್ಬರು ಎರಡು ಶಾಸ್ತ್ರಗಳನ್ನು ಕೂಡಿಸಿ ಮಾಡಿದ ಕೆಲಸವಿದು. ಉದಕಮಂಡಲಕ್ಕೆ ಪ್ರವಾಸ ಹೋಗಿಬರುವ ನಮ್ಮಲ್ಲಿ ಎಷ್ಟು ಮಂದಿ ಆ ನಿಘಂಟಿನ ಹೆಸರನ್ನಾದರೂ ಕೇಳಿದ್ದೇವೆ?

ಕಂಬಂ ಕಣಿವೆಯಲ್ಲಿ ಕನ್ನಡವಾಡುವ ಕಾಪಿಲಿಯ ಒಕ್ಕಲಿಗರಿದ್ದಾರೆ. ಥರ್ಸ್ಟನ್ ಅವರು 1909ರ ತಮ್ಮ ಬೃಹತ್ ಗ್ರಂಥದಲ್ಲಿಯೇ ಇವರನ್ನು ಗುರುತಿಸಿದ್ದಾರೆ. ಇವರು ಪೋಷಿಸಿಕೊಂಡು ಬಂದ ತಂಬಿರಾನ್ ದೊಡ್ಡಿಯಲ್ಲಿ ದನಗಳೇ ದೈವ. ಪೂಜೆ ಸಲ್ಲುವುದು ಅವುಗಳಿಗೆ. ಇದನ್ನು ಅಭ್ಯಸಿಸಬೇಕಾದವರು ಯಾರು? ಕನ್ನಡ ಅಧ್ಯಾಪಕರೇ, ಧರ್ಮಶಾಸ್ತ್ರಜ್ಞರೇ, ಪಶುವೈದ್ಯರೇ, ಅರಣ್ಯ ಕಾನೂನು ಬಲ್ಲವರೇ? ಇವರೆಲ್ಲರೂ ಕೂಡಿದರೆ ಮಾತ್ರ ಆ ದೊಡ್ಡಿಯ ಬಾಗಿಲು ತೆರೆಯುತ್ತದೆ. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರಿಗೂ ಒಂದೊಂದು ಕೊಂಬು ಮಾತ್ರ ಕಾಣುತ್ತದೆ.

ಧರ್ಮಪುರಿಯ ನೊಳಂಬರ ಕಾಲದ ಕನ್ನಡ ಶಾಸನಗಳು, ಶ್ರೀರಂಗದ ಬಳಿ ಕಣ್ಣನೂರಿನಲ್ಲಿ ರಾಜಧಾನಿ ಮಾಡಿಕೊಂಡ ಹೊಯ್ಸಳರು, ಕೊಯಮತ್ತೂರು ಸೇಲಂಗಳ ದೇವಾಂಗ ನೇಕಾರರ ಚೌಡೇಶ್ವರಿ ಉತ್ಸವ, ಕೋಡಂಬಾಕ್ಕದ ಸ್ಟುಡಿಯೋಗಳಲ್ಲಿ ದಶಕಗಳ ಕಾಲ ತಯಾರಾದ ಕನ್ನಡ ಚಿತ್ರಗಳು ಮತ್ತು ಅವುಗಳ ತಂತ್ರಜ್ಞರು, ಹೀಗೆ ಪಟ್ಟಿ ಬೆಳೆಯುತ್ತದೆ. ಕೋಡಂಬಾಕ್ಕದ ಹಿರಿಯರ ನೆನಪುಗಳಂತೂ ಕಾಯುವ ವಸ್ತುಗಳಲ್ಲ. ಶಾಸನ ಇನ್ನೂ ನೂರು ವರ್ಷ ನಿಂತೀತು. ಮನುಷ್ಯನ ಮಾತು ಅವನೊಡನೆ ಮಣ್ಣಾಗುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಊಹಿಸಬಲ್ಲೆ. ತಮಿಳುನಾಡಿನ ಹಣದಲ್ಲಿ ಕನ್ನಡದ ಸಂಶೋಧನೆಯೇಕೆ ಎನ್ನುವವರಿಗೆ ಉತ್ತರ ಸರಳವಾಗಿದೆ: ಇದು ತಮಿಳುನಾಡಿನ ಪ್ರಜೆಗಳ, ತಮಿಳುನಾಡಿನ ನೆಲದ ಅಧ್ಯಯನ, ಇದರಿಂದ ತಮಿಳರ ಚರಿತ್ರೆಯೂ ತುಂಬಿಬರುತ್ತದೆ. ಇಂಥ ಕೆಲಸ ಗಡಿಯ ಜಗಳಕ್ಕೆ, ಕಾವೇರಿಯ ಕಲಹಕ್ಕೆ ಎಣ್ಣೆ ಸುರಿದೀತು ಎನ್ನುವ ಅಂಜುಬುರುಕರೂ ಉಂಟು. 1991ರ ಕಹಿಯನ್ನು ಕಂಡವರಿಗೆ ಈ ಅಂಜಿಕೆ ಸಹಜ. ಆದರೆ ಅಂದು ಬೀದಿಗಿಳಿದವರು ನೆರೆಯವರ ಬಗ್ಗೆ ಹೆಚ್ಚು ತಿಳಿದು ಕೆಟ್ಟವರಲ್ಲ, ಏನೂ ತಿಳಿಯದೆ ಕೆಟ್ಟವರು. ಹಲವು ಶಾಸ್ತ್ರ ಕೂಡಿಸಿದರೆ ಆಳ ಹೋಗಿ ಹರಹು ಮಾತ್ರ ಉಳಿಯುತ್ತದೆ ಎಂಬ ಪಂಡಿತರ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಡಾಕಾರಿನ ಸಿದ್ಧಾಂತಕ್ಕೆ ಒದಗಿದ ಗತಿಯೇ ಅವರಿಗೆ ಸಾಕ್ಷಿಯಾದೀತು. ಅದಕ್ಕೆ ಉಡುಪಿಯ ಆರು ಸಂಪುಟಗಳೇ ನನ್ನ ಪ್ರತ್ಯುತ್ತರ: ಪ್ರಶ್ನೆ ಖಚಿತವಾಗಿದ್ದು ಕ್ಷೇತ್ರ ಚಿಕ್ಕದಾಗಿದ್ದರೆ ಆಳವೂ ಹರಹೂ ಜೊತೆಯಾಗಿ ಬರುತ್ತವೆ.

ಇನ್ನು ನಮ್ಮ ಪಾಲಿನ ಕರ್ತವ್ಯ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂದಾಗ ನಾವು ಸಿಹಿ ಹಂಚಿದೆವು. ಅದರ ವಿರುದ್ಧ ಮದ್ರಾಸು ಹೈಕೋರ್ಟಿನಲ್ಲಿದ್ದ ಅರ್ಜಿ 2016ರಲ್ಲಿ ವಜಾ ಆದಾಗ ಮತ್ತೆ ಹಂಚಿದೆವು. ಸಿಹಿಯಿಂದ ಸಂಶೋಧನೆ ಬೆಳೆಯದು. ಕರ್ನಾಟಕ ಸರ್ಕಾರ ಹೊರನಾಡಿನಲ್ಲಿ ಪೀಠಗಳಿಗೆ ಹಣ ಕೊಡುವಾಗ ಒಬ್ಬ ಸಾಹಿತ್ಯದ ಅಧ್ಯಾಪಕರ ಸಂಬಳಕ್ಕಷ್ಟೇ ಕೊಡದೆ, ಭಾಷಾವಿಜ್ಞಾನಿ, ಶಾಸನತಜ್ಞ, ಮಾನವಶಾಸ್ತ್ರಜ್ಞ, ಇತಿಹಾಸಕಾರ ಕೂಡಿದ ಐದು ವರ್ಷದ ತಂಡಕ್ಕೆ ಕೊಡಲಿ. ಮರೀನಾ ದಂಡೆಯ ವಿಶ್ವವಿದ್ಯಾಲಯ ಅದಕ್ಕೆ ನೆಲೆಯಾಗಲಿ. ಬಡಗ, ಕಾಪಿಲಿಯ, ದೇವಾಂಗ ಮನೆಗಳ ಯುವಕ ಯುವತಿಯರೇ ಅದರ ಸಂಶೋಧಕರಾಗಲಿ. ಸಂಘಗಳು ಈ ಬೇಡಿಕೆಯನ್ನು ಲಿಖಿತವಾಗಿ ಮುಂದಿಡಬೇಕು. ಅದರ ಜೊತೆಗೆ, ರಾಜ್ಯೋತ್ಸವದ ವಾದ್ಯಗೋಷ್ಠಿಗೂ ಹಾರ ತುರಾಯಿಗೂ ಮಾಡುವ ವೆಚ್ಚದಲ್ಲಿ ಹತ್ತರಲ್ಲೊಂದು ಪಾಲನ್ನು ತೆಗೆದಿಟ್ಟು, ವರ್ಷಕ್ಕೊಂದು ಜಿಲ್ಲೆಯ ಕನ್ನಡದ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಕಾಪಾಡಬೇಕು. ಅದಕ್ಕೆ ಯಾವ ಸರ್ಕಾರದ ಮಂಜೂರಾತಿಯೂ ಬೇಕಿಲ್ಲ.

ಉಡುಪಿಯಿಂದ ಡಾಕಾರಿಗೆ ಹೋಗಿ ಪರಜನರ ನುಡಿಯನ್ನು ಕಲಿತವರು ನಮ್ಮವರೇ. ಚೆನ್ನೈಯಿಂದ ಕಂಬಂ ಒಂದು ರಾತ್ರಿಯ ಬಸ್ಸು ಪ್ರಯಾಣ.