‘ಒಬ್ಬರು ತಾನೆ’ ಅನ್ನುವ ಮುನ್ನ...

ಬೆಳಿಗ್ಗೆ ಏಳು ಗಂಟೆ. ಶುಗರ್ ಟೆಸ್ಟ್‌ಗೆಂದು ರಾತ್ರಿಯಿಂದ ಏನೂ ತಿನ್ನದೆ ಲ್ಯಾಬ್ ಮುಂದೆ ಕ್ಯೂನಲ್ಲಿ ನಿಂತಿದ್ದೀರಿ. ನಿಮ್ಮ ಮುಂದೆ ಮೂರು ಜನ, ಹಿಂದೆ ಎಂಟು ಜನ. ಅಷ್ಟರಲ್ಲಿ ಪಕ್ಕದ ಬೀದಿಯ ಪರಿಚಯದವರೊಬ್ಬರು ‘ಅಯ್ಯೋ, ನೀವೂ ಇಲ್ಲೇ ಇದ್ದೀರಾ!’ ಎಂದು ಬರುತ್ತಾರೆ. ಸೊಪ್ಪಿನ ರೇಟು, ಮಗಳ ಪರೀಕ್ಷೆ ಅಂತ ಮಾತಾಡ್ತಾ ಮಾತಾಡ್ತಾ ನಿಮ್ಮ ಮುಂದೆಯೇ ಸೇರಿಕೊಂಡಿರುತ್ತಾರೆ. ಬೇಡ ಅನ್ನೋಕೆ ದಾಕ್ಷಿಣ್ಯ. ‘ಹೋಗ್ಲಿ, ಒಬ್ಬರು ತಾನೆ’ ಅಂತ ಸುಮ್ಮನಾಗ್ತೀರಿ.

ಲೆಕ್ಕ ತಪ್ಪುವುದು ಇಲ್ಲೇ. ಒಬ್ಬರಿಗೆ ಐದು ನಿಮಿಷ ಹಿಡಿದರೂ, ನಿಮ್ಮದೂ ಸೇರಿ ಒಂಬತ್ತು ಜನರ ಐದೈದು ನಿಮಿಷ ಹೋಯಿತು. ಒಟ್ಟು ಮುಕ್ಕಾಲು ಗಂಟೆ! ಆ ಎಂಟು ಜನರಲ್ಲಿ ಹಸಿವಿಗೆ ಕೈ ನಡುಗುತ್ತಿರುವ ಅಜ್ಜಿ ಇರಬಹುದು. ತಡವಾದರೆ ಮನೆಗೆಲಸದ ಕಡೆ ಬೈಸಿಕೊಳ್ಳುವ ಹೆಂಗಸಿರಬಹುದು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದ ಹಾಗಾಯ್ತು, ಅಲ್ವಾ?

ಹಾಗಂತ ಯಾರನ್ನೂ ಮುಂದೆ ಬಿಡಲೇಬಾರದು ಅಂತಲ್ಲ. ಮತಗಟ್ಟೆಯಲ್ಲೂ ವಯಸ್ಸಾದವರು, ಅಂಗವಿಕಲರು, ಕೈಗೂಸು ಎತ್ತಿಕೊಂಡ ತಾಯಂದಿರನ್ನು ಮೊದಲು ಕಳಿಸುತ್ತಾರೆ. ಅವರ ಕಷ್ಟ ಕಣ್ಣೆದುರೇ ಇರುವುದರಿಂದ ಯಾರಿಗೂ ಅನ್ಯಾಯ ಅನ್ನಿಸುವುದಿಲ್ಲ. ಮುಂದೆ ಬಿಡಲು ಕಷ್ಟ ಕಾರಣವಾಗಬೇಕು, ಪರಿಚಯವಲ್ಲ.

ಹಾಗಾದರೆ ಏನು ಮಾಡಬೇಕು?

* ಪರಿಚಯದವರು ಬಂದರೆ ನಗುತ್ತಲೇ ಹೇಳಿ: ‘ಇವರೆಲ್ಲ ಆಗಿನಿಂದ ಕಾಯ್ತಿದ್ದಾರೆ. ನೀವು ಹಿಂದೆ ಜಾಗ ಹಿಡ್ಕೊಳ್ಳಿ, ನನ್ನದು ಮುಗಿದ ಮೇಲೆ ಬಂದು ಮಾತಾಡ್ತೀನಿ.’ ಸ್ನೇಹ ಕೆಡುವುದಿಲ್ಲ.

* ನಿಜಕ್ಕೂ ತುರ್ತಿದ್ದರೆ ಹಿಂದಿನವರನ್ನೂ ಕೇಳಿ. ಅವರು ಒಪ್ಪದಿದ್ದರೆ ನಿಮ್ಮ ಜಾಗ ಅವರಿಗೆ ಕೊಟ್ಟು, ನೀವು ಕೊನೆಗೆ ಹೋಗಿ ನಿಲ್ಲಿ. ಆಗ ಅದು ನಿಮ್ಮದೇ ಉಪಕಾರ.

* ಯಾರಾದರೂ ಮಧ್ಯೆ ನುಗ್ಗಿದರೆ ಒಮ್ಮೆಗೇ ರೇಗಬೇಡಿ. ಕ್ಯೂ ಕಾಣದೆಯೂ ಇದ್ದಿರಬಹುದು. ‘ಅಕ್ಕಾ, ಕ್ಯೂ ಅಲ್ಲಿಂದ ಇದೆ’ ಅಂದರೆ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಕೇಳದಿದ್ದರೆ ಜಗಳ ಬೇಡ, ಕೌಂಟರ್‌ನಲ್ಲಿರುವವರಿಗೆ ಹೇಳಿ.

* ಎರಡು ನಿಮಿಷ ಆಚೆ ಹೋಗಬೇಕಾದರೆ ಹಿಂದಿನವರಿಗೆ ಹೇಳಿ ಹೋಗಿ. ಬ್ಯಾಗ್ ಇಟ್ಟು ಅರ್ಧ ಗಂಟೆ ತರಕಾರಿ ಕೊಂಡು ಬಂದು ‘ಇದು ನನ್ನ ಜಾಗ’ ಅನ್ನುವುದು ಸರಿಯಲ್ಲ.

* ‘ಹೋಗು ಪುಟ್ಟಾ, ನಿನಗ್ಯಾರೂ ಏನೂ ಅನ್ನಲ್ಲ’ ಎಂದು ಮಗುವನ್ನು ಸಂದಿಯಲ್ಲಿ ತೂರಿಸಬೇಡಿ. ಕಾಯುವವರು ದಡ್ಡರು ಅನ್ನೋ ಪಾಠ ಅದಕ್ಕೆ ಅಲ್ಲೇ ಆಗುತ್ತೆ.

ನಮ್ಮ ಜನಕ್ಕೆ ಕ್ಯೂ ಒಗ್ಗುವುದಿಲ್ಲ ಅಂತ ಗೊಣಗುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ದಿನಸಿ ಅಂಗಡಿ ಮುಂದೆ ನೆಲದ ಮೇಲೆ ಬರೆದ ವೃತ್ತದೊಳಗೆ, ಚೀಲ ಹಿಡಿದು ಕಾದು ನಿಂತವರು ನಾವೇ ತಾನೆ? ಅಂದು ಜೀವಭಯಕ್ಕೆ ಮಾಡಿದ್ದನ್ನು ಇಂದು ಹಿಂದೆ ನಿಂತಿರುವ ಅಜ್ಜಿಗೋಸ್ಕರ ಮಾಡಬಾರದೇ?

ಮುಂದಿನ ಸಲ ‘ಒಬ್ಬರು ತಾನೆ’ ಅನ್ನುವ ಮುಂಚೆ, ಒಮ್ಮೆ ಹಿಂದೆ ತಿರುಗಿ ನೋಡಿ.